ಮಿರ್ಚಿ ಎಣ್ಣೆಯಲ್ಲಿ ಓಡಿದ ಟೆಂಪೊ

ಹೋದ ವಾರ ರೋಣದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಪಕ್ಕದ ಗಾಡಿಯವನು ಮಿರ್ಚಿ ಭಜಿ ಕರಿಯುತ್ತಿದ್ದ. ಕಾದ ಎಣ್ಣೆಯ ಘಾಟು ಮೂಗಿಗೆ ಬಡಿದಾಗ ನನಗೆ ಹಸಿವಾಗಲಿಲ್ಲ. ಒಂದು ಹಳೆಯ ಟೆಂಪೊ ನೆನಪಾಯಿತು, ಅದರ ಬೆನ್ನಿಗೇ ಬಾಜೂ ಮನೆಯ ಚಾಚಾ…

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಗಜೇಂದ್ರಗಡದಲ್ಲಿ ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಚಾಚಾ ಸೂಡಿ ಊರಿನ ಮೇಲೆ ಹಾಯ್ದು ರೋಣಕ್ಕೆ ಟೆಂಪೊ ಓಡಿಸುತ್ತಿದ್ದರು. ಯಾವುದೋ ಕೃಷಿ ಪ್ರದರ್ಶನದಲ್ಲಿ ಹೊಂಗೆ ಎಣ್ಣೆಯಿಂದ ಮಾಡಿದ ಡೀಸೆಲ್ಲಿನಲ್ಲಿ ಎಂಜಿನ್ ಓಡುವುದನ್ನು ನೋಡಿ ಬಂದವರಿಗೆ ಅದೇ ಗುಂಗು ಹಿಡಿಯಿತು. ನಮ್ಮ ಎರೆಭೂಮಿಯಲ್ಲಿ ಅಷ್ಟು ಹೊಂಗೆ ಎಲ್ಲಿಂದ ತರಬೇಕು? ಮಿರ್ಚಿ ಅಂಗಡಿಗಳು ಮಾತ್ರ ಬೇಕಾದಷ್ಟಿದ್ದವು.

“ಕರಿದು ಕರಿದು ಕಪ್ಪಾದ ಎಣ್ಣಿ ಒಳಗ ಮತ್ತ ಕರೀತಾರ, ಅಕ್ಕೋರ. ಅದು ಮಂದಿ ಹೊಟ್ಟಿಗೆ ಹೋಗೂದಕಿಂತ ನನ್ನ ಗಾಡಿ ಹೊಟ್ಟಿಗೆ ಹೋಗ್ಲಿ” ಎಂದು ಚಾಚಾ ನಕ್ಕಿದ್ದರು.

ಮೊದಲ ಸಲ ಎಣ್ಣೆಯನ್ನು ಬರೀ ಬಟ್ಟೆಯಲ್ಲಿ ಸೋಸಿ, ಪ್ರದರ್ಶನದಲ್ಲಿ ಹೇಳಿಕೊಟ್ಟಿದ್ದ ಔಷಧ ಬೆರೆಸಿ ಡೀಸೆಲ್ ಮಾಡಿದರು. ಟೆಂಪೊ ಸೂಡಿ ದಾಟಿ ಕೆಮ್ಮುತ್ತ ನಿಂತೇಬಿಟ್ಟಿತು. ಕಡಲೆಹಿಟ್ಟಿನ ಕಣ್ಣಿಗೆ ಕಾಣದಂಥ ಪುಡಿ ಒಳಗೆ ಹೋಗಿ ಕಟ್ಟಿಕೊಂಡಿತ್ತು. ಜನ ಬೈಯುತ್ತ ಇಳಿದು ನಡೆದರು.

ಆಮೇಲೆ ಎಣ್ಣೆ ಗಿರಣಿಯಲ್ಲಿದ್ದ ಅವರ ಗೆಳೆಯರೊಬ್ಬರು ಒಂದು ಚೀಲ ಬಿಳಿ ಪುಡಿ ಕೊಟ್ಟರು. ಮಣ್ಣೇ ಅದು, ಆದರೆ ರಂಗೋಲಿಗಿಂತ ನಯ, ಎತ್ತಿದರೆ ಹಗುರ. ಚಾಚಾ ಅದನ್ನು ಬಿಸಿ ಎಣ್ಣೆಯಲ್ಲಿ ಕಲಸಿ, ಡ್ರಮ್ಮಿನ ಬಾಯಿಗೆ ಬಿಗಿದ ದಪ್ಪ ಬಟ್ಟೆಯ ಮೇಲೆ ಸುರಿದರು. ಮೊದಲು ರಾಡಿಯೇ ಇಳಿಯಿತು. ಅದನ್ನೇ ಮತ್ತೆ ಸುರಿದರು. ಪುಡಿ ಬಟ್ಟೆಯ ಮೇಲೆ ಪದರು ಕಟ್ಟಿದ ಮೇಲೆ ಹೊಲಸೆಲ್ಲ ಅಲ್ಲೇ ನಿಂತು, ಕೆಳಗೆ ತಿಳಿ ಎಣ್ಣೆ ತೊಟ್ಟಿಕ್ಕತೊಡಗಿತು.

“ಅಕ್ಕೋರ, ಲಗೂ ಬರ್ರಿ, ನೋಡ್ರಿಲ್ಲೆ!” ಎಂದು ಗೋಡೆಯಾಚೆಯಿಂದ ಕೂಗಿದ ಆ ದನಿ ಈಗಲೂ ಕಿವಿಯಲ್ಲಿದೆ…

ಆ ಎಣ್ಣೆಯ ಡೀಸೆಲ್ಲಿನಲ್ಲಿ ಟೆಂಪೊ ಓಡಿತು. ಹೋದಲ್ಲೆಲ್ಲ ಕರಿದ ತಿಂಡಿಯ ವಾಸನೆ. “ಚಾಚಾ, ಗಾಡಿ ಹೊಡಿತೀರೋ, ಮಿರ್ಚಿ ಕರಿತೀರೋ?” ಎಂದು ಜನ ಚೇಷ್ಟೆ ಮಾಡುತ್ತಿದ್ದರು.

ಬೇಸಿಗೆ ಬಂತು. ಸೋಸಿ ಉಳಿದ, ಎಣ್ಣೆ ಕುಡಿದು ಕಪ್ಪಾದ ಪುಡಿಯನ್ನು ಚಾಚಾ ಗೋಣಿಚೀಲಗಳಲ್ಲಿ ತುಂಬಿ ಹಿತ್ತಲಲ್ಲಿ ನಮ್ಮ ಗೋಡೆಗೆ ಒಟ್ಟಿದ್ದರು. ಆ ಗೋಡೆಯ ಈಚೆಗಿನ ಕೋಣೆಯಲ್ಲಿ ನಮ್ಮತ್ತೆ ಮಲಗಿರುತ್ತಿದ್ದರು. ಲಕ್ವಾ ಹೊಡೆದು ಒಂದು ಕಡೆಯ ಕೈಕಾಲು ಬಿದ್ದುಹೋಗಿದ್ದವು. ಒಂದು ಮಧ್ಯಾಹ್ನ ನಾನು ನಳದ ಹತ್ತಿರ ಕೊಡ ತುಂಬುತ್ತಿದ್ದಾಗ ಯಾರೋ “ಹೊಗಿ! ಹೊಗಿ!” ಎಂದು ಚೀರಿದರು. ಕೊಡ ಬಿಟ್ಟು ಓಡಿದೆ. ಹಿಂದಿನ ಕಿಟಕಿಯಿಂದ ಹೊಗೆ ನುಗ್ಗಿ ಮನೆ ಕಪ್ಪಾಗಿತ್ತು. ಆ ಕತ್ತಲೆಯೊಳಗಿಂದ ಚಾಚಾ ಅತ್ತೆಯನ್ನು ಕೌದಿ ಸಮೇತ ಎತ್ತಿಕೊಂಡು ಹೊರಗೆ ಬಂದರು. ಅವರನ್ನು ಕಟ್ಟೆಯ ಮೇಲೆ ಮಲಗಿಸಿ ಮತ್ತೆ ಹಿತ್ತಲಿಗೆ ಓಡಿ, ಉರಿಯುವ ಚೀಲಗಳನ್ನು ಬರಿಗೈಯಲ್ಲಿ ಗೋಡೆಯಿಂದ ಆಚೆ ಎಳೆದರು. ಓಣಿಯವರು ನೀರು, ಮಣ್ಣು ಸುರಿದು ಬೆಂಕಿ ಆರಿಸುವಷ್ಟರಲ್ಲಿ ಅವರ ಅಂಗೈ ಚರ್ಮ ಸುಲಿದಿತ್ತು.

ಬೆಂಕಿ ಯಾರೂ ಹಚ್ಚಿರಲಿಲ್ಲ. ಎಣ್ಣೆ ಕುಡಿದ ಆ ಪುಡಿ ರಾಶಿಯಾಗಿ ಬಿದ್ದರೆ ತನ್ನೊಳಗೇ ಕಾದು ಹೊತ್ತಿಕೊಳ್ಳುತ್ತದೆಂದು ಗಿರಣಿಯ ಗೆಳೆಯರು ಬಂದು ಹೇಳಿದ ಮೇಲೆಯೇ ನಮಗೆ ತಿಳಿದದ್ದು.

ಸಂಜೆ ಎರಡೂ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಚಾಚಾ ಬಾಗಿಲಲ್ಲೇ ನಿಂತರು.

“ತಪ್ಪು ನಂದ ಐತ್ರಿ. ನಾಳಿಂದ ಇದೆಲ್ಲಾ ಬಂದ್” ಎಂದರು.

“ಭಾಳ ಚಲೋ ಆತು” ಎಂದರು ನನ್ನ ಯಜಮಾನರು, ಸಿಟ್ಟು ಇಳಿಯದೆ.

ಒಳಗಿನಿಂದ ಅತ್ತೆ ಮಂಚ ಬಡಿದರು. ಸೊಟ್ಟಗಾದ ಬಾಯಿಂದ ಒಂದೊಂದೇ ಮಾತು ಹೊರಟಿತು. “ತಮ್ಮಾ… ಊರಾಗ ಬ್ಯಾಡ. ನಮ್ಮ ಹೊಲದ ಮೂಲ್ಯಾಗ… ಜಾಗಾ ಐತಿ. ಅಲ್ಲೆ ಮಾಡು.”

“ಅವ್ವಾ, ಇವತ್ತ ನೀ ಸುಟ್ಟು ಹೋಗ್ತಿದ್ದಿ!” ಎಂದರು ಯಜಮಾನರು.

“ಹೊತ್ಕೊಂಡು ಬಂದಾಂವ… ಯಾರು?”

ಚಾಚಾ ಅಳುತ್ತಿದ್ದರು. ಪಟ್ಟಿ ಕಟ್ಟಿದ ಕೈಯಿಂದ ಕಣ್ಣು ಒರೆಸಿಕೊಳ್ಳಲು ಬರುತ್ತಿರಲಿಲ್ಲ. ಯಜಮಾನರು ಎದ್ದು ಹೋಗಿ, ತಮ್ಮ ಹೆಗಲ ಮೇಲಿನ ಟವೆಲ್ಲಿನಿಂದ ಆ ಮುಖ ಒರೆಸಿ, ತೋಳು ಹಿಡಿದು ಒಳಗೆ ಕರೆತಂದರು.

ಮಳೆಗಾಲ ಬರುವ ಹೊತ್ತಿಗೆ ಡ್ರಮ್ಮುಗಳು ನಮ್ಮ ಹೊಲದ ಮೂಲೆ ಸೇರಿದವು. ಬಳಸಿದ ಪುಡಿಯನ್ನು ಚಾಚಾ ಮತ್ತೆಂದೂ ಒಟ್ಟಲಿಲ್ಲ. ಆಯಾ ದಿನವೇ ನೀರು ಹಾಕಿ, ತೆಳ್ಳಗೆ ಹರವಿ ಮಣ್ಣಲ್ಲಿ ಕಲಸುತ್ತಿದ್ದರು. ಟೆಂಪೊ ಇನ್ನೂ ಮೂರ್ನಾಲ್ಕು ವರ್ಷ ಓಡಿತು. ಚಾಚಾ ಸಂಜೆ ಮರಳಿದಾಗಲೆಲ್ಲ ಅತ್ತೆಯ ಬಗ್ಗೆ “ಆಯಿ ಉಂಡ್ರೇನ್ರಿ?” ಎಂದು ಕೇಳದೆ ಮನೆಗೆ ಹೋದವರಲ್ಲ. ಅತ್ತೆ ತೀರಿಕೊಂಡಾಗ ಮಣ್ಣು ಕೊಡಲು ಬಂದವರಲ್ಲಿ ಎಲ್ಲರಿಗಿಂತ ಕಡೆಗೆ ಎದ್ದು ಹೋದವರು ಅವರೇ. ಮರುವರ್ಷ ಎದೆನೋವೆಂದು ಗದಗದ ದವಾಖಾನೆಗೆ ಹೋದ ಚಾಚಾ ಮರಳಿ ಬರಲಿಲ್ಲ… ಚಾಚಿ ಮಗಳ ಊರಿಗೆ ಹೋದರು. ಬಾಜೂ ಮನೆಯಲ್ಲಿ ಈಗ ಬೇರೆಯವರಿದ್ದಾರೆ.

ಅಂದು ರೋಣದಿಂದ ಮನೆಗೆ ಬಂದವಳೇ ಯಜಮಾನರಿಗೆ, “ಇವತ್ತ ಚಾಚಾ ಭಾಳ ನೆನಪಾದ್ರು ನೋಡ್ರಿ” ಎಂದೆ.

ಅವರು ಹೆಗಲ ಮೇಲಿನ ಟವೆಲ್ ತೆಗೆದು ಮಡಚಿದರು. ಆಮೇಲೆ, “ಅವರ ಬಲಗೈ ಎರಡು ಬೆರಳು ಕಡೀತನಕ ನೆಟ್ಟಗ ಆಗಲೇ ಇಲ್ಲ, ಹೌದಿಲ್ಲೊ?” ಎಂದು ಕೇಳಿ, ನನ್ನ ಉತ್ತರಕ್ಕೂ ಕಾಯದೆ ಎದ್ದು ಅಂಗಳಕ್ಕೆ ಹೋದರು.