ಅಪ್ಪ ಕೈಮುಗಿದು ಕೇಳಿದ ಲ್ಯಾಟಿನ್

ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಮನೆಯ ಸಂಗತಿಯನ್ನು ಹೀಗೆ ಬರೆದು ಒಪ್ಪಿಸುವ ಅಭ್ಯಾಸ ನನಗಿಲ್ಲ. ಹೇಳುವ ಕ್ರಮದಲ್ಲಿ ತಪ್ಪಿದ್ದರೆ ಓದುಗರು ಮನ್ನಿಸಬೇಕೆಂದು ಮೊದಲೇ ಕೇಳಿಕೊಳ್ಳುತ್ತೇನೆ.

ಪದವಿಯ ನಂತರ, ವಿದೇಶದ ಶಾಲಾಮಕ್ಕಳಿಗೆ ಆನ್‌ಲೈನ್ ಪಾಠ ಹೇಳುವ ಕೆಲಸಕ್ಕಾಗಿ ನಾನು ಲ್ಯಾಟಿನ್ ಕಲಿಯತೊಡಗಿದೆ. ಕಲಬುರಗಿಯ ಸೇಡಂ ರಸ್ತೆಯ ಹಿಂದಿದ್ದ ನಮ್ಮ ಮನೆಗೆ ಒಂದೇ ಕೋಣೆ. ಬೆಳಿಗ್ಗೆ ಗೋಡೆಗೆ ಮುಖ ಮಾಡಿ ಕುಳಿತು, ಮುಗಿದ ಕ್ರಿಯೆಯನ್ನು ಹೇಳುವ ರೂಪಗಳನ್ನು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದೆ. ‘ದುಡಿ’ ಎಂಬರ್ಥದ ‘ಲಬೋರಾ’ಕ್ಕೆ ‘ವ್’ ಸೇರಿಸಿ, ಆಮೇಲೆ ಪುರುಷಕ್ಕೆ ತಕ್ಕ ಪ್ರತ್ಯಯ ಹಚ್ಚಬೇಕು: ಲಬೋರಾವಿ, ಲಬೋರಾವಿಸ್ತಿ, ಲಬೋರಾವಿತ್. ಮೊದಲನೆಯದು ಕನ್ನಡದಲ್ಲಿ ‘ದುಡಿದೆ’ ಎಂದೂ ಆಗಬಹುದು, ‘ದುಡಿದಿದ್ದೇನೆ’ ಎಂದೂ ಆಗಬಹುದು. ಸುತ್ತಲಿನ ವಾಕ್ಯಗಳನ್ನು ನೋಡಿ ತೀರ್ಮಾನಿಸಬೇಕು. ತಪ್ಪಾದೀತೆಂಬ ಭಯದಲ್ಲಿ ನಾನು ಎರಡನ್ನೂ ಹೇಳಿಕೊಳ್ಳುತ್ತಿದ್ದೆ.

ನೆಹರು ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಚೀಲ ಹೊರುತ್ತಿದ್ದ ಅಪ್ಪ ಆ ಹೊತ್ತಿನಲ್ಲಿ ನನ್ನ ಹಿಂದೆ ಕೈಮುಗಿದು ಕೂರುತ್ತಿದ್ದರು. ತಮ್ಮ ಪಾಡಿಗೆ ಬುದ್ಧವಂದನೆ ಮಾಡುತ್ತಿದ್ದಾರೆಂದು ನಾನು ತಿಳಿದಿದ್ದೆ. ನಮ್ಮ ಮನೆಯಲ್ಲಿ ಎಲ್ಲರಿಗೂ ಬರುವುದು ಪಾಲಿ ಭಾಷೆಯ ವಂದನೆಗಳಲ್ಲಿ ತ್ರಿಸರಣ, ಪಂಚಶೀಲ ಮಾತ್ರ. ಅದರಾಚೆಯ ಪಾಲಿ ಪಾಠವನ್ನು ಮಗಳು ಕಲಿಯುತ್ತಿದ್ದಾಳೆಂದು ಅವರು ನಂಬಿದ್ದರು. ಅದು ನನಗೆ ತಿಳಿದದ್ದು ಕಮಲಾಪುರದ ಬಸ್ಸಿನಲ್ಲಿ. ಅಪ್ಪನ ತಾಯಿ, ನಮ್ಮ ಆಯಿ, ಅಲ್ಲಿನ ವಿಹಾರದಲ್ಲಿ ವಂದನೆ ಹೇಳಿಸುವ ದೊಡ್ಡಪ್ಪನ ಮನೆಯಲ್ಲಿ ಸಾಯುವ ಸ್ಥಿತಿಯಲ್ಲಿದ್ದಳು.

“ವಿಹಾರದಾಗ ನೀ ಓದೂದು ಏನೂ ಅಲ್ಲ, ನನ್ನ ಮಗಳದು ಕೇಳು ಅಂತ ಅಣ್ಣಗ ಹೇಳೀನಿ,” ಎಂದರು ಅಪ್ಪ. “ಆಯಿ ಮುಂದ ಛಂದಾಗಿ ಹೇಳವಾ.”

“ಅಪ್ಪಾ, ಅದು ವಂದನಾ ಅಲ್ಲ. ರೋಮಿನವರ ಹಳೇ ಭಾಷಾ. ನೌಕರಿಗಂತ ಕಲ್ಯಾಕತ್ತೀನಿ.”

ಅಪ್ಪ ಕಿಟಕಿಯಾಚೆ ನೋಡಿದರು. “ಈಗ ಯಾರ್ ಆಡ್ತಾರ ಅದನ್ನ?”

“ಯಾರೂ ಇಲ್ಲ.”

“ಹಂಗಾದ್ರ ಅಣ್ಣನ ಮುಂದ ಬಾಯಿ ಬಿಡಬ್ಯಾಡ. ನನ್ನ ಮಾನ ಹೋಗ್ತದ.”

ಆಯಿಯ ಮಂಚದ ಸುತ್ತ ಕುಳಿತೆವು. ದೊಡ್ಡಪ್ಪ ತ್ರಿಸರಣ ಹೇಳಿಸಿದರು, ನಾನೂ ದನಿಗೂಡಿಸಿದೆ. ಆಯಿ ಕಣ್ಣು ತೆರೆದಳು.

“ಇದು ನನಗೂ ಬರ್ತದ. ನಿಮ್ಮಪ್ಪ ಹೇಳ್ಯಾನಲ್ಲ, ನಿಂದು ಹೇಳು.”

ಅಪ್ಪ ಬೇಡವೆಂದು ತಲೆಯಾಡಿಸಿದರು. ಆಯಿ ನನ್ನ ಬೆರಳು ಬಿಡಲಿಲ್ಲ. ನಾನು ಆ ರೂಪಗಳನ್ನು ಮೆಲ್ಲಗೆ ಹೇಳಿದೆ.

“ಹಂಗಂದ್ರೇನು?”

“ನಾ ದುಡಿದೀನಿ, ನೀ ದುಡಿದೀದಿ, ಆಕಿ ದುಡಿದಾಳ. ಅಷ್ಟ ಆಯಿ.”

“ದುಡಿದೀನಿ ಅನ್ನಾಕ ಇಷ್ಟೊಂದು ಮಂತ್ರ ಬೇಕೇನ?” ಕೆಂಪು ಬಾಳೆಯ ತೋಟಗಳಲ್ಲಿ ಕೂಲಿ ಮಾಡಿಯೇ ಮುದುಕಿಯಾದ ಆಯಿ ನಕ್ಕಳು. ನಗು ಕೆಮ್ಮಿಗೆ ತಿರುಗಿ, ನಿಲ್ಲಲು ಬಹಳ ಹೊತ್ತು ಹಿಡಿಯಿತು.

ದೊಡ್ಡಪ್ಪ ನಗಲಿಲ್ಲ. “ಇದು ಪಾಲಿ ಅಲ್ಲ. ಏ ತಮ್ಮಾ, ಸಾಯೋ ತಾಯಿ ಮುಂದ ಚಾಷ್ಟಿ ಹಚ್ಚೀರೇನು? ನನ್ನ ಓದು ಸಾಲಲಿಲ್ಲಂತ ಇದನ್ನ ತಂದ್ಯಾ?”

ಅಪ್ಪ ಎದ್ದು ಅಂಗಳಕ್ಕೆ ಹೋಗಿ, ಚಪ್ಪಲಿ ಮೆಟ್ಟಿಕೊಂಡು ನಿಂತರು.

ಆಯಿ ಅದೇ ವಾರ ತೀರಿಕೊಂಡಳು. ಮಣ್ಣು ಕೊಡುವಾಗ ದೊಡ್ಡಪ್ಪನೇ ವಂದನೆ ಹೇಳಿಸಿದರು, ಅಪ್ಪನನ್ನು ಮುಂದಕ್ಕೆ ಕರೆಯಲಿಲ್ಲ. ಮುಂದೆ ನನಗೆ ಆ ಆನ್‌ಲೈನ್ ಪಾಠದ ಕೆಲಸ ಸಿಕ್ಕಿತು. ಅಪ್ಪ ಚೀಲ ಹೊರುವುದನ್ನು ಬಿಟ್ಟಿದ್ದಾರೆ. ಅಣ್ಣತಮ್ಮಂದಿರ ನಡುವೆ ಮಾತಿಲ್ಲ. ಕಮಲಾಪುರಕ್ಕೆ ನಾವು ಹೋಗುವುದಿಲ್ಲ, ಅವರು ಕಲಬುರಗಿಗೆ ಬಂದರೂ ನಮ್ಮ ಮನೆಗೆ ಬರುವುದಿಲ್ಲ.