ಕುಂಯ್ ಅನ್ನದ ಮರಿ

ಧರ್ಮಪುರಿಯಿಂದ ಸಂಜೆ ಊರಿಗೆ ಬರುವ ಬಸ್ಸು ತೊಪ್ಪೂರು ಘಾಟಿಯ ತಿರುವುಗಳಲ್ಲಿ ಗೇರು ಇಳಿಸಿದಾಗಲೆಲ್ಲ ನನ್ನ ಕೈ ತಾನಾಗಿಯೇ ಮುಂದಿನ ಸೀಟಿನ ಕಂಬಿಯನ್ನು ಹಿಡಿದುಕೊಳ್ಳುತ್ತದೆ. ಪಕ್ಕದಲ್ಲಿ ಕೂತವರು ಮೊಬೈಲು ನೋಡುತ್ತಲೇ ಇರುತ್ತಾರೆ. ನಾನು ಹಿಂದಿನಿಂದ ಬರುವ ಲಾರಿಗಳ ಹಾರ್ನಿಗೆ ಕಿವಿ ಕೊಟ್ಟಿರುತ್ತೇನೆ. ಬಿಟ್ಟು ಬಿಟ್ಟು ಕೂಗಿದರೆ ಭಯವಿಲ್ಲ. ಒಂದೇ ಉಸಿರಿನಲ್ಲಿ ಕೂಗುತ್ತಾ ಬಂದರೆ ಬ್ರೇಕು ಹೋಗಿದೆ ಎಂದು ಘಾಟಿಯ ಬುಡದಲ್ಲಿ ಬೆಳೆದ ಯಾರಿಗಾದರೂ ಗೊತ್ತು. ಅಂಥ ಹಾರ್ನನ್ನು ನಾನು ತೀರಾ ಹತ್ತಿರದಿಂದ ಕೇಳಿದ್ದು ಒಂದೇ ಸಲ. ಅದನ್ನು ಹೇಳಬೇಕಾದರೆ ನಮ್ಮ ನಾಯಿಯಿಂದ ಶುರುಮಾಡಬೇಕು.

ನಾನಾಗ ಕಾಲೇಜಿನ ಕೊನೆಯ ವರ್ಷದಲ್ಲಿದ್ದೆ. ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಹೋಗಿದ್ದರಿಂದ ಮನೆಯಲ್ಲಿ ಇದ್ದದ್ದು ಅವ್ವ, ನಾನು, ಹಿತ್ತಲಿನ ಹಟ್ಟಿ ತುಂಬ ಕುರಿ. ಉಣ್ಣೆಯಿಲ್ಲದ, ಕೆಂಚು ಬಣ್ಣದ ಮೇಚೇರಿ ಕುರಿಗಳು. ಹಳೆಯ ನಾಯಿ ಸತ್ತ ಮೇಲೆ ಬೀದಿನಾಯಿಗಳು ಹಟ್ಟಿಗೆ ನುಗ್ಗಿ ಎರಡು ಮರಿಗಳನ್ನು ಕಚ್ಚಿ ಹಾಕಿದ್ದವು. ಹೊಸ ನಾಯಿ ಬೇಕೇ ಬೇಕಾಗಿತ್ತು.

ಮೇಚೇರಿ ಸಂತೆಗೆ ಹೋದ ದಿನ ಕುರಿ ಮಾರುವವನೊಬ್ಬ ತನ್ನ ಮಿನಿಲಾರಿಯ ನೆರಳಿನಲ್ಲಿ ಗೋಣಿತಾಟಿನ ಮೇಲೆ ನಾಯಿಮರಿಗಳನ್ನು ಬಿಟ್ಟುಕೊಂಡು ಕೂತಿದ್ದ. ಯಾವುದು ಬೇಕೋ ತಗೊಂಡು ಹೋಗಮ್ಮ, ಬೀದಿಗೆ ಬಿಡೋಕೆ ಮನಸ್ಸಿಲ್ಲ ಎಂದು ತಮಿಳಿನಲ್ಲಿ ಹೇಳಿದ. ನನ್ನ ಕಣ್ಣು ಆಗಲೇ ನನ್ನ ಚಪ್ಪಲಿ ಕಚ್ಚುತ್ತಿದ್ದ ಒಂದು ಕಂದು ಮರಿಯ ಮೇಲಿತ್ತು. ಅವ್ವ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ನಮ್ಮಲ್ಲಿ ನಾಯಿ ಆರಿಸುವುದಕ್ಕೆ ಒಂದು ಕ್ರಮ ಇದೆ. ಮರಿಯ ಕತ್ತಿನ ಸಡಿಲು ಚರ್ಮ ಹಿಡಿದು ಮೇಲಕ್ಕೆ ಎತ್ತಬೇಕು. ಕುಂಯ್ ಅಂದರೆ ಅದು ಹೇಡಿ, ಕೆಳಗಿಡಬೇಕು. ಉಸಿರೆತ್ತದೆ ತೂಗಿಕೊಂಡಿದ್ದರೆ ಅದು ಕೆಚ್ಚಿನದು, ಕುರಿಗೆ ಆಗುತ್ತದೆ. ಅವ್ವ ಒಂದೊಂದನ್ನೂ ಎತ್ತಿದಳು. ನನ್ನ ಚಪ್ಪಲಿಯ ಮರಿ ಸಂತೆಗೆಲ್ಲ ಕೇಳುವ ಹಾಗೆ ಅರಚಿತು. ಕೊನೆಗೆ ಚಕ್ರದ ಪಕ್ಕಕ್ಕೆ ಒತ್ತಿಕೊಂಡು ಕೂತಿದ್ದ ಕಪ್ಪು ಮರಿಯ ಸರದಿ. ಎತ್ತಿದರೂ ಸದ್ದಿಲ್ಲ. ಅಲ್ಲಾಡಿಸಿದರೂ ಸದ್ದಿಲ್ಲ. ಕಾಲುಗಳು ನೇರ ಕೆಳಗೆ ಜೋತುಬಿದ್ದಿದ್ದವು, ಕಣ್ಣು ಎಲ್ಲೋ ನೋಡುತ್ತಿತ್ತು.

‘ನೋಡಿದ್ಯಾ, ಇದು ನಾಯಿ,’ ಅಂದಳು ಅವ್ವ.

ಅದನ್ನು ಸೀರೆಯ ಸೆರಗಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆವು. ಕುನ್ನಿ ಎಂದೇ ಕರೆದೆವು. ಬೆಳೆದ ಮೇಲೂ ಅದು ಕುನ್ನಿಯಾಗಿಯೇ ಉಳಿಯಿತು.

ಕೆಚ್ಚಿನ ನಾಯಿ ಮನೆಗೆ ಬಂದ ದಿನವೇ ಕಲ್ಲುತೊಟ್ಟಿಯ ಹಿಂದಿನ ಸಂದಿಗೆ ನುಗ್ಗಿತು, ಹೊರಗೆ ಬರಲಿಲ್ಲ. ಕುಕ್ಕರು ಕೂಗಿದರೆ ಉಚ್ಚೆ ಹೊಯ್ದುಕೊಳ್ಳುತ್ತಿತ್ತು. ಕೋಳಿ ಹತ್ತಿರ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಏರ್ಕಾಡಿನ ಕಾಫಿ ಎಸ್ಟೇಟಿನಲ್ಲಿ ಜೀಪು ಓಡಿಸುವ ಮಾಮ, ಅವ್ವನ ತಮ್ಮ, ರಜೆಗೆ ಬಂದವನು ಇದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ‘ಏನಕ್ಕ, ಕುರಿ ಕಾಯೋಕೆ ನಾಯಿ ತಂದ್ಯಾ, ನಾಯಿ ಕಾಯೋಕೆ ಕುರಿ ಇಕ್ಕಿದ್ಯಾ?’

ಅವ್ವ ತೊಟ್ಟಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಬಹಳ ಹೊತ್ತು ಆ ಸಂದಿಯನ್ನೇ ನೋಡಿದಳು. ‘ಕೆಚ್ಚಲ್ಲ ಕಣ್ಲಾ ಅದು,’ ಅಂದಳು. ‘ಎದ್ರಿಕೆಗೆ ಬಾಯಿ ಕಟ್ಟೋಗಿತ್ತು. ನಾ ಅದ್ನ ಧೈರ್ಯ ಅಂದ್ಕೊಂಡೆ.’ ಬೇರೆ ಮರಿ ತರೋಣವೆಂದ ಮಾಮನಿಗೆ, ಎತ್ತಿದ್ದು ನಾನು, ಇಳಿಸಿ ಓಗೋದು ಯಂಗೆ ಎಂದು ಕೇಳಿದಳು.

ಆಗ ನಾನು ಮೊಬೈಲಿನಲ್ಲಿ ನಾಯಿ ಪಳಗಿಸುವ ವಿಡಿಯೋಗಳನ್ನು ನೋಡತೊಡಗಿದೆ. ಹೊಡೆಯಬಾರದು, ಗದರಬಾರದು, ಸರಿಯಾಗಿ ಮಾಡಿದ ತಕ್ಷಣ ಬಾಯಿಗೊಂದು ತುಣುಕು ಕೊಡಬೇಕು. ಅವ್ವನಿಗೆ ಇದು ತಮಾಷೆ. ಪಕ್ಕದ ಹೊಲದವರಿಗೆಲ್ಲ ನನ್ನ ಮಗಳು ಫೋನು ನೋಡಿ ನಾಯಿಗೆ ಅಕ್ಷರ ಕಲಿಸ್ತಾವ್ಳೆ ಎಂದು ಹೇಳಿಕೊಂಡು ಬಂದಳು. ಆದರೆ ಸಂತೆಯಿಂದ ತಂದ ಕರುವಾಡನ್ನು, ಅಂದರೆ ಒಣಮೀನನ್ನು, ಸಣ್ಣಗೆ ಹರಿದು ನನ್ನ ಕೈಗೆ ಕೊಟ್ಟವಳೂ ಅವಳೇ. ಬೆಳಗಿನ ಎಳೆಬಿಸಿಲಿನಲ್ಲಿ ನಾವಿಬ್ಬರೂ ತೊಟ್ಟಿಯ ಮುಂದೆ ಕಾಫಿ ಹಿಡಿದು ಕೂರುತ್ತಿದ್ದೆವು. ಕರುವಾಡಿನ ತುಣುಕನ್ನು ಸಂದಿಯ ಬಾಯಲ್ಲಿ ಇಡುತ್ತಿದ್ದೆವು, ಮಾರನೆಯ ದಿನ ಸ್ವಲ್ಪ ಈಚೆಗೆ, ಅದರ ಮಾರನೆಯ ದಿನ ಇನ್ನೂ ಈಚೆಗೆ. ಕರೆಯುತ್ತಿರಲಿಲ್ಲ, ಅದರ ಕಡೆ ನೋಡುತ್ತಲೂ ಇರಲಿಲ್ಲ. ನಮ್ಮ ನಮ್ಮ ಮಾತು ಆಡಿಕೊಳ್ಳುತ್ತಿದ್ದೆವು. ಅವ್ವ ತನ್ನ ಮದುವೆಗೆ ಮುಂಚಿನ ಕಥೆಗಳನ್ನು ನನಗೆ ಹೇಳಿದ್ದು ಆ ಬೆಳಗುಗಳಲ್ಲೇ. ನಾಯಿ ಹೊರಬರಲೆಂದು ಕಾಯದೇ ಹೋಗಿದ್ದರೆ ನಾವು ಅಷ್ಟು ಹೊತ್ತು ಒಟ್ಟಿಗೆ ಕೂರುತ್ತಿರಲಿಲ್ಲ. ಒಂದು ದಿನ ಅವಳ ಮಾತಿನ ನಡುವೆ ಒದ್ದೆ ಮೂಗೊಂದು ನನ್ನ ಮೊಣಕೈಗೆ ತಾಗಿತು. ಇಬ್ಬರೂ ಅಲುಗಾಡಲಿಲ್ಲ. ಅವ್ವ ದನಿ ಬದಲಿಸದೆ ಕಥೆ ಮುಂದುವರಿಸಿದಳು.

ಆಮೇಲೆ ಅದನ್ನು ಕುರಿಮರಿಗಳ ಜೊತೆಯಲ್ಲೇ ಮಲಗಿಸಿದೆವು. ಕುರಿಗಳ ನಡುವೆ ಅದರ ಭಯ ಕಡಿಮೆಯಾಗುತ್ತಿತ್ತು. ಕುರಿಗಳೂ ಅದನ್ನು ತಮ್ಮದೇ ಒಂದು ಕಪ್ಪು ಮರಿ ಎಂದುಕೊಂಡಂತಿತ್ತು, ಅದು ಹೋದ ಕಡೆ ಹಿಂದೆ ಹಿಂದೆ ಹೋಗುತ್ತಿದ್ದವು.

ಕಲಿಸಲೇಬೇಕಾದ ಒಂದು ಪಾಠವಿತ್ತು, ರಸ್ತೆ ದಾಟುವುದು. ಬೇಸಿಗೆಯಲ್ಲಿ ನಮ್ಮ ಕಡೆ ಮೇವು ಮುಗಿಯುತ್ತದೆ. ಮೇವು ಇರುವುದು ಹೆದ್ದಾರಿಯ ಆಚೆ, ಗುಡ್ಡದ ತಪ್ಪಲಿನಲ್ಲಿ. ರಸ್ತೆಯ ನಡುವಿನ ಗೋಡೆಯಲ್ಲಿ ಒಂದು ಕಡೆ ಬಿರುಕಿನಂಥ ದಾರಿ ಇದೆ. ಅವ್ವ ಮೊದಲು ಮಂದೆಯನ್ನು ಅಲ್ಲಿಯವರೆಗೆ ದಾಟಿಸಿ ನಿಲ್ಲಿಸುತ್ತಿದ್ದಳು. ಅಷ್ಟು ಹೊತ್ತು ನಾಯಿ ಈಚೆ ಅಂಚಿನಲ್ಲಿ ಕೂತು, ಹಿಂದೆ ಉಳಿದ ಕುರಿ ತಿರುಗಿ ಓಡದಂತೆ ನೋಡಿಕೊಳ್ಳಬೇಕು. ಅವಳು ಕರೆದಾಗ ಮಾತ್ರ ಎದ್ದು ಬರಬೇಕು. ‘ಇರು’ ಅಂದರೆ ಕೂರುವುದನ್ನು ನಾನು ಕಲಿಸಿದೆ, ಮೊದಲು ಬಂಡಿದಾರಿಯಲ್ಲಿ, ಆಮೇಲೆ ಊರಿನ ಟಾರು ರಸ್ತೆಯಲ್ಲಿ, ಕೊನೆಗೆ ಹೆದ್ದಾರಿಯಲ್ಲಿ. ಕರೆಯುವುದು ಅವ್ವನ ಪಾಲು. ಅಂಜುವ ನಾಯಿಯನ್ನು ನಿಂತಲ್ಲಿಂದ ಕೂಗಿ ಕರೆಯಬಾರದು ಎಂದು ಅವಳು ತಾನೇ ಕಂಡುಕೊಂಡಿದ್ದಳು. ‘ಬಾ ಮಗ’ ಎಂದು ಕರೆದು, ಅದು ಏಳುತ್ತಿದ್ದಂತೆ ತಾನೂ ಎದುರಿಗೆ ಕೆಲವು ಹೆಜ್ಜೆ ಇಳಿದು ಹೋಗುತ್ತಿದ್ದಳು. ರಸ್ತೆಯ ಮಧ್ಯದಲ್ಲಿ ಇಬ್ಬರೂ ಸೇರಿ ಓಡಿ ದಾಟುತ್ತಿದ್ದರು. ನೋಡಲು ಚೆಂದವಾಗಿರುತ್ತಿತ್ತು.

ಆ ಬೆಳಿಗ್ಗೆಯೂ ಹಾಗೇ ನಡೆಯಬೇಕಿತ್ತು.

ಅವ್ವ ಮಂದೆಯೊಂದಿಗೆ ನಡುಗೋಡೆಯ ದಾರಿಯಲ್ಲಿ ನಿಂತಿದ್ದಳು. ಕುನ್ನಿ ಈಚೆ ಅಂಚಿನಲ್ಲಿ ಕೂತಿತ್ತು. ನಾನು ಕುಂಟುತ್ತಿದ್ದ ಒಂದು ಮರಿಯನ್ನು ಎತ್ತಿಕೊಂಡು ಹಿಂದಿನ ದಿಣ್ಣೆಯಿಂದ ಇಳಿಯುತ್ತಿದ್ದೆ. ದಿಣ್ಣೆಯ ಮೇಲಿದ್ದ ನನಗೆ ತಿರುವಿನ ಆಚೆ ಕಾಣುತ್ತಿತ್ತು, ಅವ್ವನಿಗೆ ಕಾಣುತ್ತಿರಲಿಲ್ಲ. ಮೊದಲು ಬಂದದ್ದು ಸುಟ್ಟ ರಬ್ಬರಿನ ವಾಸನೆ. ಆಮೇಲೆ ಆ ಹಾರ್ನು. ದಿನವಿಡೀ ಹಾರ್ನು ಕೂಗುವ ಆ ಜಾಗದಲ್ಲಿ ಅವ್ವ ಅದನ್ನು ಬೇರೆ ಮಾಡಿ ಕೇಳಿಸಿಕೊಳ್ಳಲಿಲ್ಲ. ಕಣ್ಣಿಗೆ ಕಾಣುವಷ್ಟು ರಸ್ತೆ ಖಾಲಿ ಇತ್ತು. ಅವಳು ಸೆರಗು ಸಿಕ್ಕಿಸಿಕೊಂಡು, ಬಗ್ಗಿ, ‘ಬಾ ಮಗ’ ಅಂದಳು.

ಕುನ್ನಿ ಏಳಲಿಲ್ಲ.

ನಾನು ಬಾಯಿ ತೆರೆದಿದ್ದೆ. ಸದ್ದು ಬರಲಿಲ್ಲ. ಅವ್ವ ಇನ್ನೊಮ್ಮೆ ಕರೆದಳು. ಒಂದು ಕಾಲು ಆಗಲೇ ಮುಂದಕ್ಕೆ ಎತ್ತಿದ್ದಳು, ನಾಯಿ ಎದ್ದರೆ ಇಳಿಯಲೆಂದು. ನಾಯಿ ಎದ್ದಿರಲಿಲ್ಲವಾದ್ದರಿಂದ ಆ ಕಾಲು ಗಾಳಿಯಲ್ಲೇ ನಿಂತಿತು. ಆಗ ತಿರುವಿನಿಂದ ಒಂದು ಕಂಟೇನರು ಲಾರಿ ಬಂತು. ಅದು ನಮ್ಮಿಬ್ಬರ ನಡುವೆ ಹಾದುಹೋಗುವಾಗ ನನಗೆ ಕಂಡದ್ದು ಕಬ್ಬಿಣದ ಗೋಡೆ ಮಾತ್ರ. ಗಾಳಿ ನನ್ನ ದುಪ್ಪಟ್ಟವನ್ನು ಎಳೆದುಕೊಂಡು ಹೋಯಿತು. ಆ ಗೋಡೆ ಎಷ್ಟು ಉದ್ದವಿತ್ತೋ, ಈಗಲೂ ಕೆಲವು ಸಲ ಅದು ಮುಗಿಯುವುದೇ ಇಲ್ಲ.

ಮುಗಿದಾಗ ಅವ್ವ ಅಲ್ಲೇ ಇದ್ದಳು. ಕೆಳಗೆ, ರಸ್ತೆಬದಿಯ ಮಣ್ಣಿನ ಗುಡ್ಡೆಗೆ ಲಾರಿ ಹೊಕ್ಕು ನಿಂತಿತು. ಡ್ರೈವರು ಇಳಿದು ನೆಲದ ಮೇಲೆ ಕೂತು ತಲೆ ಹಿಡಿದುಕೊಂಡ. ಯಾರಿಗೂ ಏನೂ ಆಗಲಿಲ್ಲ. ಅವ್ವ ಹೋಗಿ ಅವನಿಗೆ ನಮ್ಮ ನೀರಿನ ಬಾಟಲಿ ಕೊಟ್ಟು ಬಂದಳು. ಬಂದು ನನ್ನ ಪಕ್ಕದಲ್ಲಿ ಕೂತಳು.

ನನ್ನ ತಲೆಯೊಳಗೆ ನಡೆಯುವುದು ಹೀಗಲ್ಲ. ಅಲ್ಲಿ ಅವ್ವ ಕರೆಯುತ್ತಾಳೆ, ಕುನ್ನಿ ಬಾಲ ಆಡಿಸುತ್ತಾ ಏಳುತ್ತದೆ, ಅವ್ವ ನಗುತ್ತಾ ಇಳಿಯುತ್ತಾಳೆ. ಬಸ್ಸಿನಲ್ಲಿ, ಪಾತ್ರೆ ತೊಳೆಯುವಾಗ, ಯಾರಾದರೂ ಮಾತಾಡುತ್ತಿರುವಾಗ ಅದು ಬಂದುಬಿಡುತ್ತದೆ. ನಾಯಿ ಯಾಕೆ ಏಳಲಿಲ್ಲ ಎಂದು ಮಾಮನನ್ನು ಕೇಳಿದರೆ, ಹಾರ್ನಿಗೆ ಹೆದರಿ ಮರಗಟ್ಟಿತು, ಇನ್ನೇನು ಎನ್ನುತ್ತಾನೆ. ಇರಬಹುದು. ನಾನು ಹತ್ತಿರ ಹೋಗಿ ಮುಟ್ಟಿದಾಗ ಅದರ ಮೈ ಹಲಗೆಯಂತಿತ್ತು, ಕಣ್ಣು ಎಲ್ಲೋ ನೋಡುತ್ತಿತ್ತು. ಅವ್ವನಿಗೆ ಅದರ ಕಾರಣ ಬೇಕಾಗಿರಲಿಲ್ಲ. ‘ಅದು ಕುಂತಿತ್ತು, ನಾ ನಿಂತೆ,’ ಅನ್ನುತ್ತಾಳೆ, ಅಷ್ಟೇ.

ಆ ದಿನದಿಂದ ಕುನ್ನಿ ಮತ್ತೆ ತೊಟ್ಟಿಯ ಹಿಂದೆ ಸೇರಿತು. ಕುರಿಗಳು ಹಟ್ಟಿಯಲ್ಲಿ ಹಸಿದು ಕೂಗುತ್ತಿದ್ದವು. ಅಂಚಿನಲ್ಲಿ ಕಾಯುವ ನಾಯಿಯಿಲ್ಲದೆ ಅವ್ವ ಒಬ್ಬಳೇ ಮಂದೆಯನ್ನು ದಾಟಿಸುವ ಹಾಗಿರಲಿಲ್ಲ. ರಸ್ತೆಯ ಹತ್ತಿರ ಹೋದರೆ ನನಗೆ ಕೈಕಾಲೇ ಆಡುತ್ತಿರಲಿಲ್ಲ. ಎಸ್ಟೇಟಿನ ಗೋದಾಮಿಗೆ ಒಂದು ನಾಯಿ ಬೇಕಂತೆ, ಅಲ್ಲಿ ಕಟ್ಟಿಹಾಕಿದರೆ ಬೊಗಳಿಕೊಂಡಿರುತ್ತದೆ, ನೀವು ಗಟ್ಟಿ ನಾಯಿ ನೋಡಿಕೊಳ್ಳಿ ಎಂದು ಮಾಮ ಫೋನಿನಲ್ಲಿ ಹೇಳಿದ. ಮುಂದಿನ ರಜೆಯವರೆಗೂ ಇರಲಿ, ಅಷ್ಟರಲ್ಲಿ ರೋಡು ದಾಟದಿದ್ದರೆ ಕರೆದುಕೊಂಡು ಹೋಗು ಎಂದು ಅವ್ವ ಒಪ್ಪಿಕೊಂಡಳು. ಕುತ್ತಿಗೆಗೆ ಚೈನು ಬಿದ್ದ ದಿನವೇ ಆ ನಾಯಿ ಊಟ ಬಿಡುತ್ತದೆ ಎಂದು ಅವ್ವನಿಗೂ ನನಗೂ ಗೊತ್ತಿತ್ತು.

ಮತ್ತೆ ಕಾಫಿ, ಮತ್ತೆ ಕರುವಾಡು. ಸಂದಿಯಿಂದ ಅಂಗಳಕ್ಕೆ, ಅಂಗಳದಿಂದ ಬಂಡಿದಾರಿಗೆ. ಅದು ನಿಂತಲ್ಲಿ ನಾವೂ ನಿಲ್ಲುತ್ತಿದ್ದೆವು. ನಿಜ ಹೇಳಬೇಕೆಂದರೆ ಹಲವು ದಿನ ಮೊದಲು ನಿಂತವಳು ನಾನೇ. ಅವ್ವ ಒಂದು ತುಣುಕನ್ನು ನಾಯಿಗೆ ಕೊಟ್ಟು, ನನ್ನ ಕೈಗೆ ಬೆಲ್ಲದ ಚೂರು ಇಟ್ಟು, ‘ನೀನೂ ತಿನ್ನವ್ವ, ನಾಳಿಕ್ಕೆ ಆ ಬೇವಿನ ಮರದ ತನ್ಕ ಓಗಾಣ,’ ಅನ್ನುತ್ತಿದ್ದಳು. ಅದಕ್ಕೆ ನನಗೆ ನಗು ಬರುತ್ತಿತ್ತು. ಅವ್ವ ಯಾರನ್ನೂ ಅವಸರಪಡಿಸಲಿಲ್ಲ, ಹಟ್ಟಿಯಲ್ಲಿ ಕುರಿ ಒಣಗುತ್ತಿದ್ದರೂ.

ಬೇವಿನ ಮರ ದಾಟಿ ಹೆದ್ದಾರಿ ಕಾಣುವಷ್ಟು ಹತ್ತಿರ ಹೋದ ದಿನ, ಮೇಲೆ ಯಾವುದೋ ಲಾರಿ ಉದ್ದಕ್ಕೆ ಹಾರ್ನು ಕೊಟ್ಟಿತು. ಕುನ್ನಿ ಓಡಿತು. ಮನೆಯ ಕಡೆಗಲ್ಲ, ಪಕ್ಕದ ಹಳ್ಳಕ್ಕೆ, ಅಲ್ಲಿಂದ ಹೆದ್ದಾರಿಯ ಅಡಿಯಲ್ಲಿ ಮಳೆನೀರು ಹರಿಯಲು ಕಟ್ಟಿದ ಮೋರಿಯೊಳಕ್ಕೆ. ಕತ್ತಲೆ, ಬಾವಲಿ, ಮುಳ್ಳುಕಂಟಿ ಇದ್ದ ಆ ಮೋರಿಗೆ ಯಾರೂ ಹೋಗುತ್ತಿರಲಿಲ್ಲ. ಕುರಿಗಳಂತೂ ಬಾಯಿಯ ಹತ್ತಿರವೇ ಬೆದರಿ ತಿರುಗುತ್ತಿದ್ದವು. ನಾವು ಬಗ್ಗಿ ಕರೆದೆವು, ಕಾದೆವು. ಸಿಕ್ಕಿಕೊಂಡಿತೋ ಏನೋ ಎಂದು ನಾನು ಅಳುವ ಹಾಗಾಗಿದ್ದೆ. ಸ್ವಲ್ಪ ಹೊತ್ತಿಗೆ ಬೊಗಳುವ ಸದ್ದು ಕೇಳಿತು. ರಸ್ತೆಯ ಆಚೆಯಿಂದ, ಗುಡ್ಡದ ತಪ್ಪಲಿನಿಂದ.

ಅವ್ವ ನನ್ನ ಮುಖ ನೋಡಿದಳು. ಮಾರನೆಯ ದಿನ ಕುಡುಗೋಲು ತಂದು ಕಂಟಿ ಸವರಿದಳು.

ಮಾಮ ರಜೆಗೆ ಬಂದದ್ದು ಎಸ್ಟೇಟಿನ ಜೀಪಿನಲ್ಲೇ, ಹೊಸ ಚೈನು ತಂದಿದ್ದ. ನಾವು ಮಂದೆ ಹೊಡೆದುಕೊಂಡು ಹೊರಟಿದ್ದೆವು.

‘ರೋಡು ದಾಟ್ತಾ ನಾಯಿ?’ ಅಂದ.

‘ಇಲ್ಲ. ದಾಟಾಕಿಲ್ಲ.’

‘ಅಪ್ಪುರಂ? ಆಮೇಲೆ?’

‘ನಾವೂ ದಾಟಾಕಿಲ್ಲ,’ ಎಂದು ಅವ್ವ ಹಳ್ಳಕ್ಕೆ ಇಳಿದಳು.

ಮಾಮ ಚೈನು ಹಿಡಿದುಕೊಂಡೇ ಹಿಂದೆ ಬಂದ. ಕುನ್ನಿ ಮೋರಿಯ ಬಾಯಲ್ಲಿ ಒಮ್ಮೆ ನಿಂತು ಒಳಹೊಕ್ಕಿತು. ಅದರ ಜೊತೆ ಬೆಳೆದ ಕುರಿಗಳು ಮೊದಲು ಹೊಕ್ಕವು, ಅವುಗಳ ಹಿಂದೆ ಉಳಿದವು, ಒಂದರ ಬೆನ್ನಿಗೆ ಒಂದು ಮೂಗು ಹಚ್ಚಿಕೊಂಡು. ಕೊನೆಯಲ್ಲಿ ನಾವು ಬಗ್ಗಿ ನಡೆದೆವು. ತಲೆಯ ಮೇಲೆ ಲಾರಿಗಳು ಹೋಗುವುದು ಕೇಳುತ್ತಿತ್ತು, ಗೋಡೆ ಸಣ್ಣಗೆ ಅದುರುತ್ತಿತ್ತು. ನಾನು ಮುಂದಿದ್ದ ಕುರಿಯ ಬೆಚ್ಚನೆಯ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ಹೋದೆ. ಆಚೆ ಬೆಳಕಿನಲ್ಲಿ ಕುನ್ನಿ ಮಂದೆಯನ್ನು ಸುತ್ತಿ ಒಂದುಗೂಡಿಸುತ್ತಿತ್ತು.

ಮಾಮ ಹೊರಬಂದು ಸೊಂಟ ನೆಟ್ಟಗೆ ಮಾಡಿಕೊಂಡ, ಕೂದಲಿಗೆ ಮೆತ್ತಿದ ಜೇಡದ ಬಲೆ ಒರೆಸಿಕೊಂಡ. ‘ಮಳೆಗಾಲದಾಗೆ ನೀರು ಬಂದ್ರೆ?’ ಎಂದು ಕೇಳಿದ.

‘ಮಳೆ ಬಂದ್ರೆ ನಮ್ ಕಡೇನೇ ಉಲ್ಲು ಬರ್ತೈತೆ,’ ಅಂದಳು ಅವ್ವ.

ಮಾಮ ಚೈನನ್ನು ಸುತ್ತಿ ಜೇಬಿಗೆ ತುರುಕಿಕೊಂಡ. ಕುನ್ನಿಯ ಮೂತಿ ಈಗ ಬೆಳ್ಳಗಾಗಿದೆ. ಆ ಚೈನು ಏರ್ಕಾಡಿನಲ್ಲೇ ಇದೆ, ಜೀಪಿನ ಸಡಿಲಾದ ಹಿಂಬಾಗಿಲನ್ನು ಕಟ್ಟಲು ಮಾಮ ಅದನ್ನೇ ಬಳಸುತ್ತಾನೆ.