ಹದಿನಾಲ್ಕು ಟೇಕುಗಳು

ನಿವೃತ್ತಿಯ ಹಿಂದಿನ ವರ್ಷ. ಠಾಣೆ ನಗರದಲ್ಲಿ ಸ್ಟ್ರಕ್ಚರಲ್ ಇಂಜಿನಿಯರ್ ಆಗಿದ್ದ ನನಗೆ ಹಳೆಯ ಕಟ್ಟಡಗಳನ್ನು ಪರೀಕ್ಷಿಸಿ ವರದಿ ಕೊಡುವ ಕೆಲಸ. ಮೂವತ್ತು ವರ್ಷ ಅದನ್ನೇ ಮಾಡಿದವನಿಗೆ ತಾನು ತಪ್ಪುವುದಿಲ್ಲವೆಂಬ ಜಂಬ ಬಂದಿರುತ್ತದೆ. ನನಗೂ ಬಂದಿತ್ತು.

ಘೋಡಬಂದರ್ ರಸ್ತೆಯ ಟವರುಗಳ ಹಿಂದೆ, ಸುತ್ತ ಭತ್ತದ ಗದ್ದೆಗಳಿದ್ದ ಕಾಲದ ಒಂದು ಬೇಸಾಯದ ಮನೆ ಉಳಿದಿತ್ತು. ಸಾಗುವಾನಿ ಕಂಬಗಳು, ಹೆಂಚಿನ ಮಾಡು, ಭತ್ತ ತುಂಬುವ ಅಟ್ಟ. ಒಡತಿ ವಂದನಾತಾಯಿ ಮರಾಠಿ ಶಾಲೆಯ ಶಿಕ್ಷಕಿ. ಮನೆಯನ್ನು ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿಸಲು ಅರ್ಜಿ ಹಾಕಿದ್ದರು, ಸೇರಿದರೆ ಕೆಡವುವಂತಿಲ್ಲ. ಸಮಿತಿ ನೋಡಲು ಬರುವುದಕ್ಕೆ ಹನ್ನೊಂದು ದಿನವಿದ್ದಾಗ ಪಕ್ಕದ ಜಾಗದಲ್ಲಿ ಟವರಿಗೆ ಪಾಯ ತೋಡಿದರು. ಮನೆಯ ರಸ್ತೆ ಕಡೆಯ ಗೋಡೆ ಬಿರುಕು ಬಿಟ್ಟಿತು. ವಂದನಾತಾಯಿ ನನ್ನನ್ನು ಕರೆಸಿದರು.

ಮಾಡಿನ ಭಾರವೆಲ್ಲ ಕಂಬಗಳ ಮೇಲಿತ್ತು, ಗೋಡೆ ಬರೀ ಮರೆ. ಅದು ನನಗೆ ಗೊತ್ತಿತ್ತು. ಆದರೂ ಮಳೆ ಹತ್ತಿರ ಬಂದಿತ್ತು, ಹೆದರಿಬಿಟ್ಟೆ. ತಾತ್ಕಾಲಿಕ ಆಸರೆಗೆ ಉಕ್ಕಿನ ಪ್ರಾಪ್ ತರಿಸಿದೆ. ಸೈಟಿನವರು ಅದನ್ನು ಟೇಕು ಅನ್ನುತ್ತಾರೆ. ಕಲಬುರಗಿಯ ಮೇಸ್ತ್ರಿ ಶರಣಪ್ಪ ತಲೆ ಕೆರೆದುಕೊಂಡ.

“ಸಾಹೇಬ್ರ, ಹೊರಗ ಬ್ಯಾಡ್ರಿ, ಒಳಗ ನಿಲ್ಲಸೋಣ್ರಿ. ಹಾದ್ಯಾಗ ಹೋಗೋರು ನೋಡಿದ್ರ ಮನಿ ಬೀಳ್ಲಾಕತ್ತದ ಅಂತಾರ್ರಿ.”

“ಇಂಜಿನಿಯರ್ ನಾನೋ ನೀನೋ?” ಎಂದು ರೇಗಿದೆ. ಒಳಗೆ ಸಾಮಾನು ಸರಿಸಲು ಎರಡು ದಿನ ಬೇಕಿತ್ತು. ರಸ್ತೆಗೆ ಕಾಣುವಂತೆ ಹೊರಗೇ ಹದಿನಾಲ್ಕು ಟೇಕು ನಿಲ್ಲಿಸಿದೆವು.

ಮೂರನೆಯ ದಿನ ವಾರ್ಡ್ ಆಫೀಸಿನಿಂದ ನೋಟಿಸ್ ಬಂತು: ಅಪಾಯಕಾರಿ ಕಟ್ಟಡ, ತಕ್ಷಣ ತೆರವು ಮಾಡಿ, ಕೆಡವಲಾಗುವುದು. ಮನೆಯ ಜಾಗದ ಮೇಲೆ ಕಣ್ಣಿಟ್ಟಿದ್ದ ಪಕ್ಕದ ಟವರಿನವರು ದೂರು ಕೊಟ್ಟಿದ್ದರು. ಸಾಕ್ಷಿಗೆ ನನ್ನ ಟೇಕುಗಳದ್ದೇ ಫೋಟೋ!

ಮರುದಿನ, ಮನೆ ಕಂಬಗಳ ಮೇಲೆ ಭದ್ರವಾಗಿದೆ ಎಂದು ವರದಿ ಬರೆದು, ಸಹಿ ಹಾಕಿ ವಾರ್ಡ್ ಆಫೀಸಿಗೆ ಓಡಿದೆ. ಒಂದು ವಾರ ಕೊಡಿ ಎಂದು ಕೈ ಮುಗಿದೆ. ಅಧಿಕಾರಿ ಫೋಟೋವನ್ನು ನನ್ನತ್ತ ತಿರುಗಿಸಿದರು. “ಬೀಳೋದಿಲ್ಲ ಅಂತೀರಿ. ಮತ್ತೆ ಇವನ್ನು ನಿಲ್ಲಿಸಿದ್ದು ಯಾರು?” ಹೊರಗೆ ಬಂದು, ಬೇಗ ಬನ್ನಿ ಎಂದು ಸಮಿತಿಯವರಿಗೆ ಫೋನಿನ ಮೇಲೆ ಫೋನ್ ಮಾಡಿದೆ. ಅವರು ತಾರೀಖು ಬದಲಿಸಲಿಲ್ಲ.

ಸಮಿತಿ ಬರಬೇಕಿದ್ದುದರ ಹಿಂದಿನ ದಿನ ಬೆಳಗ್ಗೆ ವಾರ್ಡ್ ಆಫೀಸಿನವರ ಜೆಸಿಬಿ ಬಂತು. ದಾರಿಗೆ ಅಡ್ಡವೆಂದು ಮೊದಲು ಟೇಕುಗಳನ್ನು ತೆಗೆಸಿದರು. ಶರಣಪ್ಪ ಒಂದೊಂದಾಗಿ ಬಿಚ್ಚಿದ. ಹದಿನಾಲ್ಕೂ ಹೋದರೂ ಒಂದು ಹೆಂಚು ಜಾರಲಿಲ್ಲ.

ವಂದನಾತಾಯಿ ನನ್ನ ತೋಳು ಹಿಡಿದರು. “ಭಾವೂ, ಘರ್ ಉಭಂ ಆಹೇ ನಾ?” ಅಣ್ಣಾ, ಮನೆ ನಿಂತಿದೆ ಅಲ್ಲವೇ ಎಂದು ನನ್ನನ್ನೇ ಕೇಳುತ್ತಿದ್ದರು. “ನಿಲ್ಲಿಸಿ, ನೋಡಿ!” ಎಂದು ಯಂತ್ರದ ಮುಂದೆ ಓಡಿದೆ. ಆದೇಶ ತೋರಿಸಿ ನನ್ನನ್ನು ಪಕ್ಕಕ್ಕೆ ಸರಿಸಿದರು. ಆ ಕಂಬಗಳನ್ನು ಕೆಡವಲು ಜೆಸಿಬಿಗೆ ಮಧ್ಯಾಹ್ನದವರೆಗೆ ಹಿಡಿಯಿತು.

ಕಿರಿಯ ಇಂಜಿನಿಯರುಗಳಿಗೆ ಈಗ ಇಷ್ಟೇ ಹೇಳುತ್ತೇನೆ: ಹಳೆಯ ಮನೆಗೆ ಆಸರೆ ಕೊಡುವ ಮುನ್ನ, ಅದು ತಾನಾಗಿ ಏಕೆ ನಿಂತಿದೆ ಎಂದು ಬರೆದು ಸಹಿ ಹಾಕಿ. ನನ್ನ ಸಹಿ ನಾಲ್ಕು ದಿನ ತಡವಾಗಿತ್ತು.